ಸೂಜಿ ಚುಚ್ಚಿದ ಮೇಲೆ ಹಸುವಿನೊಳಗೆ ಏನಾಗುತ್ತದೆ?

ಕೋಲಾರ ಜಿಲ್ಲೆಯ ಟೇಕಲ್ ಹೋಬಳಿಯ ಊರುಗಳಲ್ಲಿ ಬೆಳಿಗ್ಗೆ-ಸಂಜೆ ಡೇರಿಗೆ ಹಾಕುವ ಹಾಲೇ ಎಷ್ಟೋ ಮನೆಗಳ ಕೈಖರ್ಚು. ಹಾಗಾಗಿ ಕಾಲುಬಾಯಿ ಜ್ವರದ ಲಸಿಕೆ ಹಾಕುವವರು ಬಂದರೆ ಎರಡು ತಕರಾರು ಏಳುತ್ತವೆ: 'ಹಾಲು ಇಳಿಯುತ್ತೆ' ಮತ್ತು 'ಹೋದ ಸಲವೇ ಹಾಕಿಸಿದ್ದೀವಲ್ಲ'. ಲಸಿಕೆ ಕೆಲಸ ಮಾಡುವ ಬಗೆ ತಿಳಿದರೆ ಎರಡಕ್ಕೂ ಉತ್ತರ ಸಿಗುತ್ತದೆ.

ಈ ಲಸಿಕೆಯಲ್ಲಿರುವುದು ಸಾಯಿಸಿದ ವೈರಸ್. ಅದರಿಂದ ರೋಗ ಬರಲಾರದು. ಜೊತೆಯಲ್ಲಿರುವ ಎಣ್ಣೆಯಂಶ ಅದನ್ನು ಸ್ನಾಯುವಿನೊಳಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ರಕ್ಷಣಾ ಕಣಗಳು ಅದನ್ನು ನುಂಗಿ, ಚೂರು ಮಾಡಿ, ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಆ ಚೂರುಗಳನ್ನು ಗುರುತಿಸಬಲ್ಲ ಬಿಳಿ ರಕ್ತಕಣಗಳು ಮಾತ್ರ ಬೇಗಬೇಗ ಹೆಚ್ಚಿ, ಪ್ರತಿಕಾಯಗಳನ್ನು ತಯಾರಿಸುತ್ತವೆ. ನಿಜವಾದ ವೈರಸ್ ಮುಂದೆ ಬಂದಾಗ ಈ ಪ್ರತಿಕಾಯಗಳು ಅದಕ್ಕೆ ಅಂಟಿಕೊಂಡು ಜೀವಕೋಶದೊಳಗೆ ನುಗ್ಗದಂತೆ ತಡೆಯುತ್ತವೆ.

ಈ ತಯಾರಿಯ ಹೊತ್ತಿನಲ್ಲಿ ಸಣ್ಣ ಜ್ವರ, ಚುಚ್ಚಿದ ಜಾಗದಲ್ಲಿ ಬಾವು ಬರಬಹುದು. ಕೆಲವು ದಿನ ಹಾಲು ತುಸು ಇಳಿದು ಮತ್ತೆ ಮೊದಲಿನಂತಾಗುತ್ತದೆ. ಆ ಹಾಲನ್ನು ಕುಡಿಯಲು ಅಡ್ಡಿಯಿಲ್ಲ. ಕಾಲುಬಾಯಿ ಜ್ವರವೇ ಬಂದರೆ ನಷ್ಟ ಇಷ್ಟಕ್ಕೆ ನಿಲ್ಲದು. ಸೀಮೆಹಸುಗಳಲ್ಲಿ ಅದು ಜೋರು. ಕರುಗಳ ಹೃದಯಕ್ಕೇ ಪೆಟ್ಟು ಕೊಡುತ್ತದೆ. 2013ರಲ್ಲಿ ಕೋಲಾರ ಜಿಲ್ಲೆಯೂ ಸೇರಿ ರಾಜ್ಯದ ಹಲವೆಡೆ ಈ ರೋಗಕ್ಕೆ ಸಾವಿರಾರು ರಾಸುಗಳು ಸತ್ತವು.

ಪ್ರತಿಕಾಯಗಳು ಸಾಕಷ್ಟು ಹೆಚ್ಚಲು ಎರಡು-ಮೂರು ವಾರ ಬೇಕು. ಪಕ್ಕದ ಕೊಟ್ಟಿಗೆಗೆ ರೋಗ ಬಂದಮೇಲೆ ಓಡಾಡಿದರೆ ತಡವಾಯಿತೆಂದೇ ಅರ್ಥ. ಆವಣಿ ದನಗಳ ಜಾತ್ರೆಗೆ ಹೊಡೆದುಕೊಂಡು ಹೋಗುವವರು ಕನಿಷ್ಠ ಮೂರು ವಾರ ಮೊದಲೇ ಹಾಕಿಸಿರಬೇಕು.

ಇನ್ನು ಎರಡನೇ ತಕರಾರು. ಸತ್ತ ವೈರಸ್ ದೇಹದಲ್ಲಿ ಬೆಳೆಯುವುದಿಲ್ಲ. ಆದ್ದರಿಂದ ಅದು ಕೊಡುವ ರಕ್ಷಣೆ ಕೆಲವೇ ತಿಂಗಳಲ್ಲಿ ಕರಗುತ್ತದೆ. ಸಾಲದ್ದಕ್ಕೆ ಕಾಲುಬಾಯಿ ವೈರಸ್‌ನಲ್ಲಿ ಏಳು ಬಗೆಗಳಿವೆ. ಒಂದರ ವಿರುದ್ಧದ ರಕ್ಷಣೆ ಇನ್ನೊಂದಕ್ಕೆ ಒದಗದು. ನಮ್ಮ ಲಸಿಕೆಯಲ್ಲಿ ಒ, ಎ, ಏಷ್ಯಾ-1 ಎಂಬ ಮೂರು ಬಗೆಗಳು ಸೇರಿವೆ. ಇದಕ್ಕೆ ಹೋಲಿಸಿದರೆ, ಹಿಂದೆ ದನಗಳನ್ನು ಕಾಡುತ್ತಿದ್ದ ದೊಡ್ಡರೋಗದ (ರಿಂಡರ್‌ಪೆಸ್ಟ್) ವೈರಸ್ ಒಂದೇ ಬಗೆಯದು. ದುರ್ಬಲಗೊಳಿಸಿದ ಜೀವಂತ ವೈರಸ್‌ನ ಲಸಿಕೆ ಅದರ ವಿರುದ್ಧ ದೀರ್ಘಕಾಲದ ರಕ್ಷಣೆ ಕೊಡುತ್ತಿತ್ತು. ಹಾಗಾಗಿಯೇ 2011ರಲ್ಲಿ ಜಗತ್ತು ದೊಡ್ಡರೋಗದಿಂದ ಮುಕ್ತವಾಯಿತು. ಕಾಲುಬಾಯಿಗೆ ಆ ಅನುಕೂಲವಿಲ್ಲ. ಆರು ತಿಂಗಳಿಗೊಮ್ಮೆ ಹಾಕಿಸಲೇಬೇಕು.

ಕರುಗಳ ಲೆಕ್ಕ ಬೇರೆ. ಹಸುವಿನ ಗರ್ಭದಲ್ಲಿ ತಾಯಿಯ ಪ್ರತಿಕಾಯಗಳು ಕರುವಿಗೆ ದಾಟುವುದಿಲ್ಲ. ಅವು ಬರುವುದು ಗಿಣ್ಣು ಹಾಲಿನಿಂದ. ಹುಟ್ಟಿದ ಮೊದಲ ಕೆಲವು ಗಂಟೆ ಮಾತ್ರ ಕರುವಿನ ಕರುಳು ಅವನ್ನು ಇಡಿಯಾಗಿ ಹೀರಿಕೊಳ್ಳುತ್ತದೆ. ದಿನ ಕಳೆಯುವಷ್ಟರಲ್ಲಿ ಆ ದಾರಿ ಮುಚ್ಚಿಹೋಗುತ್ತದೆ. ನೆರೆಮನೆಗೆ ಗಿಣ್ಣು ಹಂಚಿ, ಆದರೆ ಕರು ಕುಡಿದ ಮೇಲೆ. ಸುಮಾರು 30 ಕಿಲೋ ತೂಗುವ ಕರುವಿಗೆ ಮೊದಲ ದಿನ ಮೂರು ಲೀಟರ್ ಬೇಕು; ಅದರಲ್ಲಿ ಮೊದಲ ಪಾಲು ಎರಡು ಗಂಟೆಯೊಳಗೆ ಹೊಟ್ಟೆ ಸೇರಬೇಕು. ತಾಯಿಯಿಂದ ಬಂದ ಈ ಪ್ರತಿಕಾಯಗಳು ಲಸಿಕೆಯನ್ನೂ ತಟಸ್ಥಗೊಳಿಸುವುದರಿಂದ ಕಾಲುಬಾಯಿ ಲಸಿಕೆಯನ್ನು ನಾಲ್ಕು ತಿಂಗಳು ತುಂಬಿದ ಮೇಲೆ ಶುರುಮಾಡಿ, ತಿಂಗಳ ನಂತರ ಇನ್ನೊಮ್ಮೆ ಕೊಡುತ್ತಾರೆ. ಗಬ್ಬ ಕಳಚುವಂತೆ ಮಾಡುವ ಕಂದು ರೋಗದ (ಬ್ರುಸೆಲ್ಲೋಸಿಸ್) ಲಸಿಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಅದೂ ಒಂದೇ ಸಲ. ಅದು ಜೀವಂತ ಲಸಿಕೆ. ಗಬ್ಬದ ಹಸುವಿಗೆ ಹಾಕುವಂತಿಲ್ಲ.

ಹಾಕಿಸಿದರೂ ರೋಗ ಬಂತು ಎನ್ನುವವರಿದ್ದಾರೆ. ಕಾರಣಗಳು ಹಲವು. ಕಾಲುಬಾಯಿ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಬಿಸಿಗೆ ಬಿದ್ದರೂ ಹೆಪ್ಪುಗಟ್ಟಿದರೂ ಕೆಡುತ್ತದೆ. ಜಂತುಹುಳು ತುಂಬಿದ, ಮೇವಿಲ್ಲದೆ ಸೊರಗಿದ ಹಸು ಸಾಕಷ್ಟು ಪ್ರತಿಕಾಯ ತಯಾರಿಸಲಾರದು. ಕೆಲವೊಮ್ಮೆ ಲಸಿಕೆ ಹಾಕುವ ಮೊದಲೇ ವೈರಸ್ ಒಳಹೊಕ್ಕಿರುತ್ತದೆ, ಅಪವಾದ ಮಾತ್ರ ಲಸಿಕೆಯ ಮೇಲೆ.

2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ, ಕಂದು ರೋಗದ ಲಸಿಕೆಗಳೆರಡೂ ಉಚಿತ. ಲಸಿಕೆಗೆ ಎರಡು ವಾರ ಮೊದಲೇ ಜಂತುಹುಳುವಿನ ಔಷಧ ಕುಡಿಸಿ. ಹಾಕಿಸಿದ ದಿನಾಂಕ ಬರೆದಿಡಿ. ರಾಸು ಹುಷಾರು ತಪ್ಪಿದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಊರಲ್ಲಿ ನಾಲ್ಕು ಮನೆಯವರು ತಪ್ಪಿಸಿಕೊಂಡರೂ ವೈರಸ್‌ಗೆ ಜಾಗ ಸಿಕ್ಕಂತೆ. ನಿಮ್ಮ ಹಸುವಿಗೆ ಹಾಕಿಸಿ, ಪಕ್ಕದ ಮನೆಯವರಿಗೂ ಹೇಳಿ.