ಕೊಲಾಜೆನ್ ಪುಡಿ: ನಂಬಿಕೆಗೆ ತೆರುವ ಬೆಲೆ

ಔಷಧ ಅಂಗಡಿಗಳ ಗಾಜಿನ ಕಪಾಟುಗಳಲ್ಲಿ ಈಗ ಕೊಲಾಜೆನ್ ಪುಡಿಯ ಡಬ್ಬಿಗಳು ಎದ್ದು ಕಾಣುತ್ತವೆ. ಚರ್ಮದ ಸುಕ್ಕು ಕರಗುವುದೆಂದೂ ಮಂಡಿನೋವು ಇಳಿಯುವುದೆಂದೂ ಜಾಹೀರಾತುಗಳು ಭರವಸೆ ನೀಡುತ್ತವೆ. ‘ಇದನ್ನು ತೆಗೆದುಕೊಳ್ಳಬಹುದೇ?’ ಎಂದು ನನ್ನ ವಯಸ್ಸಿನ ಮಿತ್ರರು ಕೇಳುವುದುಂಟು. ನಾನು ವೈದ್ಯನಲ್ಲ, ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ಕಡತಗಳ ನಡುವೆ ಬದುಕಿದವನು. ಆದರೆ ಈ ಪ್ರಶ್ನೆಯಲ್ಲಿ ವೈದ್ಯಶಾಸ್ತ್ರದಷ್ಟೇ ಅರ್ಥಶಾಸ್ತ್ರವೂ ಅಡಗಿದೆ.

ನಮ್ಮ ದೇಹದ ಪ್ರೊಟೀನಿನಲ್ಲಿ ಕೊಲಾಜೆನ್ ಸುಮಾರು ಮೂರನೇ ಒಂದು ಪಾಲು. ಚರ್ಮ, ಮೂಳೆ, ಮೃದ್ವಸ್ಥಿಗಳಿಗೆ ಬಲ ಕೊಡುವ ಅದು ವಯಸ್ಸಾದಂತೆ ಕ್ಷೀಣಿಸುವುದು ನಿಜ. ಆದರೆ ದನ, ಹಂದಿ, ಮೀನುಗಳಿಂದ ತೆಗೆದ ಕೊಲಾಜೆನ್ ಅನ್ನು ಸೇವಿಸಿದ ಮಾತ್ರಕ್ಕೆ ಅದು ನೇರವಾಗಿ ನಮ್ಮ ಕೆನ್ನೆಗೋ ಮಂಡಿಗೋ ಹೋಗಿ ಸೇರುವುದಿಲ್ಲ. ಬೇಳೆ, ಹಾಲುಗಳ ಪ್ರೊಟೀನಿನಂತೆ ಅದೂ ಅಮೈನೋ ಆಮ್ಲಗಳಾಗಿ, ಪೆಪ್ಟೈಡ್‌ಗಳೆಂಬ ಕಿರುತುಣುಕುಗಳಾಗಿ ಒಡೆಯುತ್ತದೆ. ರಕ್ತ ಸೇರುವ ಕೆಲವು ತುಣುಕುಗಳು ಜೀವಕೋಶಗಳನ್ನು ಪ್ರಚೋದಿಸುತ್ತವೆ ಎಂಬುದು ತಯಾರಕರ ವಾದ.

ವಾದಕ್ಕೆ ಸಾಕ್ಷ್ಯವೇನು? 2025ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, 1,474 ಜನರನ್ನೊಳಗೊಂಡ 23 ಪ್ರಯೋಗಗಳನ್ನು ಪರಿಶೀಲಿಸಿತು. ಎಲ್ಲವನ್ನೂ ಒಟ್ಟುಗೂಡಿಸಿದಾಗ ಚರ್ಮದಲ್ಲಿ ಸುಧಾರಣೆ ಕಂಡಿತು. ಕಂಪನಿಗಳ ಹಣ ಪಡೆಯದ ಪ್ರಯೋಗಗಳನ್ನಷ್ಟೇ ಬೇರ್ಪಡಿಸಿ ನೋಡಿದಾಗ ಅದು ಕಾಣಲಿಲ್ಲ. ಕೀಲುನೋವಿನಲ್ಲಿ ಅಲ್ಪ ಉಪಶಮನ ತೋರಿದ ಪ್ರಯೋಗಗಳಿವೆಯಾದರೂ ಅವುಗಳಲ್ಲಿ ಅನೇಕವು ಚಿಕ್ಕವು, ಉದ್ಯಮದ ನೆರವು ಪಡೆದವು. ಹಿಂದೆ ಇದೇ ರೀತಿ ಜನಪ್ರಿಯವಾಗಿದ್ದ ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಮಾತ್ರೆಗಳನ್ನು ಅಮೆರಿಕ ಸರ್ಕಾರದ ಹಣದಲ್ಲಿ 1,583 ರೋಗಿಗಳ ಮೇಲೆ ಪರೀಕ್ಷಿಸಲಾಯಿತು. ಒಟ್ಟಾರೆಯಾಗಿ ಅವು ಹುಸಿ ಮಾತ್ರೆಗಿಂತ ಮೇಲಲ್ಲವೆಂದು 2006ರಲ್ಲಿ ತಿಳಿದುಬಂತು.

ಅರ್ಥಶಾಸ್ತ್ರಜ್ಞರಾದ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ 1973ರಲ್ಲಿ ಒಂದು ಬಗೆಯ ಸರಕನ್ನು ಗುರುತಿಸಿದರು. ಅದನ್ನು ‘ನಂಬಿಕೆಯ ಸರಕು’ ಎನ್ನಬಹುದು. ಮಾವಿನ ಹಣ್ಣಿನ ಸಿಹಿ ತಿಂದರೆ ತಿಳಿಯುತ್ತದೆ. ಈ ಸರಕಿನ ಗುಣ ಬಳಸಿದ ಮೇಲೂ ತಿಳಿಯದು. ಮಂಡಿನೋವು ತಾನಾಗಿಯೇ ಏರಿಳಿಯುವಂಥದ್ದು. ಇಳಿದರೆ ಕೀರ್ತಿ ಪುಡಿಗೆ. ಇಳಿಯದಿದ್ದರೆ ‘ಇನ್ನೂ ಮೂರು ತಿಂಗಳು ಸೇವಿಸಿ’ ಎಂಬ ಸಲಹೆ.

ಕೊಳ್ಳುವವನಿಗೆ ಅಳೆಯಲಾಗದ್ದನ್ನು ಪ್ರಭುತ್ವ ಅಳೆಯಬೇಕು. ಆದರೆ ಕಾನೂನಿನ ದೃಷ್ಟಿಯಲ್ಲಿ ಈ ಪುಡಿ ಆಹಾರ. ಹೊಸ ಔಷಧದಂತೆ ರೋಗಿಗಳ ಮೇಲೆ ಪರೀಕ್ಷಿಸಿ ಪರಿಣಾಮವನ್ನು ಸಾಬೀತುಪಡಿಸಿದ ಮೇಲೆಯೇ ಮಾರಬೇಕೆಂಬ ಕಟ್ಟಳೆ ಇದಕ್ಕಿಲ್ಲ. 2016ರ ನಿಯಮಾವಳಿಯ ಪ್ರಕಾರ ಇಂಥ ಪೂರಕಗಳ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂದು ಮುದ್ರಿಸಬೇಕು. ಆ ಸಾಲನ್ನು ಓದುವವರೆಷ್ಟು ಮಂದಿ?

ಒಂದು ಡಬ್ಬಿಯ ಬೆಲೆ ಸಾವಿರ ರೂಪಾಯಿ ಮೀರುವುದು ಸಾಮಾನ್ಯ. ನೌಕರರ ಪಿಂಚಣಿ ಯೋಜನೆಯಲ್ಲಿ 2014ರಲ್ಲಿ ನಿಗದಿಯಾದ ಕನಿಷ್ಠ ಮಾಸಿಕ ಪಿಂಚಣಿಯೇ 1,000 ರೂಪಾಯಿ. ಇತ್ತ, ದೇಹವೇ ಕೊಲಾಜೆನ್ ತಯಾರಿಸಿಕೊಳ್ಳಲು ಬೇಕಾದ ಸಿ ಜೀವಸತ್ವ ನೆಲ್ಲಿಕಾಯಿ, ಸೀಬೆಹಣ್ಣುಗಳಲ್ಲಿ ಧಾರಾಳವಾಗಿದೆ. ಸ್ಥೂಲಕಾಯದ ಹಿರಿಯರು ಒಂದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆಂದು 2005ರ ಅಧ್ಯಯನವೊಂದು ತೋರಿಸಿದೆ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಸುಡುಬಿಸಿಲಿಗೆ ಕೊಡೆ, ತಂಬಾಕಿನಿಂದ ದೂರ: ಇವನ್ನು ಯಾರೂ ಜಾಹೀರಾತು ಮಾಡುವುದಿಲ್ಲ, ಏಕೆಂದರೆ ಇವುಗಳಿಂದ ಯಾರಿಗೂ ಹೆಚ್ಚು ಲಾಭವಿಲ್ಲ.

ಆದ್ದರಿಂದ ನನ್ನ ಉತ್ತರ ಸ್ಪಷ್ಟ: ಸದ್ಯದ ಸಾಕ್ಷ್ಯಕ್ಕೆ ಈ ಬೆಲೆ ಹೆಚ್ಚು. ‘ಸಂಶೋಧನೆಯಿಂದ ದೃಢಪಟ್ಟಿದೆ’ ಎಂದು ಡಬ್ಬಿಯ ಮೇಲೆ ಬರೆಯುವವರು, ಆ ಸಂಶೋಧನೆಗೆ ಹಣ ಕೊಟ್ಟವರಾರು ಎಂಬುದನ್ನೂ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಬೇಕೆಂಬ ನಿಯಮವನ್ನು ಸರ್ಕಾರ ತರಬೇಕು.