ಮತ್ತೆ ವಿಮಾನ ಹತ್ತಿದ ದಿನ

ಮೇ 8ರ ರಾತ್ರಿ ಹತ್ತು ಗಂಟೆಗೆ ಒಂದು ಟಿಕೆಟ್ ಕ್ಯಾನ್ಸಲ್ ಮಾಡಿದೆ. ಮರುದಿನ ಚೆನ್ನೈನಿಂದ ಮಂಗಳೂರಿಗೆ ಹೋಗುವ ವಿಮಾನದ ಟಿಕೆಟ್. 12ರ ಸೋಮವಾರ ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಶನ್ ಇತ್ತು. ಪುತ್ತೂರಿನಿಂದ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಕಾಗದಕ್ಕೆ ಸಹಿ ಹಾಕುವುದು, ವಾಪಸ್ ಮನೆಗೆ ಕರೆತರುವುದು, ಇಷ್ಟೇ ನನ್ನ ಕೆಲಸ. ಮನೆಗೆ ನಾನೊಬ್ಬನೇ ಮಗ. ಎರಡು ತಿಂಗಳ ಹಿಂದೆಯೇ ರಜೆ ಬರೆದಿಟ್ಟಿದ್ದೆ.

ಆ ರಾತ್ರಿ ಟಿವಿ ಹಾಕಿದವರಿಗೆಲ್ಲ ನೆನಪಿರುತ್ತದೆ. ಆಪರೇಷನ್ ಸಿಂಧೂರ ನಡೆದು ಒಂದು ದಿನವಾಗಿತ್ತು. ಜಮ್ಮುವಿನಲ್ಲಿ ದೀಪ ಆರಿಸಿದ್ದರು. ಧರ್ಮಶಾಲಾದಲ್ಲಿ ಐಪಿಎಲ್ ಪಂದ್ಯವನ್ನು ಅರ್ಧಕ್ಕೆ ನಿಲ್ಲಿಸಿ ಪ್ರೇಕ್ಷಕರನ್ನು ಹೊರಗೆ ಕಳಿಸುತ್ತಿದ್ದರು. ಅಷ್ಟರಲ್ಲಿ ಅಮ್ಮನ ಫೋನ್ ಬಂತು. ‘ವಿಮಾನ ಬೇಡ ಮಗಾ. ಅಪ್ಪನನ್ನು ನಾನು ಹೇಗಾದರೂ ಕರ್ಕೊಂಡು ಹೋಗ್ತೇನೆ. ನೀನು ಅಲ್ಲೇ ಇರು’ ಎಂದರು.

ಅಮ್ಮ ಬೇಡ ಎಂದರು, ಅದಕ್ಕೇ ಕ್ಯಾನ್ಸಲ್ ಮಾಡಿದೆ ಎಂದು ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. ನಿಜ ಬೇರೆ. ಹೆದರಿಕೆ ನನಗೂ ಇತ್ತು. ಮುಚ್ಚಿದ 32 ವಿಮಾನ ನಿಲ್ದಾಣಗಳ ಪಟ್ಟಿ ಬಂದಾಗ ಅದರಲ್ಲಿ ಶ್ರೀನಗರ, ಅಮೃತಸರ, ಚಂಡೀಗಢ, ಭುಜ್, ಜಾಮ್‌ನಗರ ಇದ್ದವು. ಚೆನ್ನೈ ಇರಲಿಲ್ಲ, ಮಂಗಳೂರೂ ಇರಲಿಲ್ಲ. ಶಾಲೆಗಳಿಗೆ ಬೇಸಿಗೆ ರಜೆ, ಮಂಗಳೂರು ಮೈಲ್‌ನಲ್ಲಿ ವೇಟಿಂಗ್ ಲಿಸ್ಟ್. ಆಪರೇಶನ್ ದಿನ ಅಮ್ಮ ಅಪ್ಪನ ಕೈ ಹಿಡಿದುಕೊಂಡು ಬಸ್ಸಿನಲ್ಲಿ ಹೋದರು, ಬಸ್ಸಿನಲ್ಲೇ ಬಂದರು. ಎಲ್ಲವೂ ಸುಸೂತ್ರವಾಗಿ ಆಯಿತು. ಆದರೆ ಆ ದಿನವೆಲ್ಲ ಎಣ್ಣೂರಿನ ಆಫೀಸಿನಲ್ಲಿ ಕೂತು ಫೋನ್ ನೋಡುತ್ತಿದ್ದ ನನಗೆ ಒಂದು ಸಾಲು ಕೋಡ್ ಬರೆಯಲಾಗಲಿಲ್ಲ.

16ರ ಶುಕ್ರವಾರಕ್ಕೆ ಮತ್ತೆ ಟಿಕೆಟ್ ಮಾಡಿದೆ. ಈ ಸಲ ಅಮ್ಮನಿಗೆ ಮೊದಲೇ ಹೇಳಲಿಲ್ಲ.

ವಿಮ್ಕೋ ನಗರದಿಂದ ಮೀನಂಬಾಕ್ಕಂಗೆ

ಎಣ್ಣೂರು ಚೆನ್ನೈನ ಉತ್ತರದ ತುದಿ. ವಿಮಾನ ನಿಲ್ದಾಣವಿರುವ ಮೀನಂಬಾಕ್ಕಂ ದಕ್ಷಿಣದ ಕಡೆ. ಮೊದಲಾದರೆ ನಗರವನ್ನು ಉದ್ದಕ್ಕೂ ಸೀಳಿಕೊಂಡು ಹೋಗಬೇಕಿತ್ತು. 2021ರಲ್ಲಿ ಮೆಟ್ರೊ ವಿಮ್ಕೋ ನಗರದವರೆಗೆ ಬಂದ ಮೇಲೆ ನಮ್ಮ ಕಡೆಯವರ ಪಾಡು ಸುಧಾರಿಸಿದೆ. ಶೇರ್ ಆಟೊದಲ್ಲಿ ವಿಮ್ಕೋ ನಗರಕ್ಕೆ ಹೋಗಿ ನೀಲಿ ಮಾರ್ಗದ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ನೇರವಾಗಿ ವಿಮಾನ ನಿಲ್ದಾಣ.

ಪಹಲ್ಗಾಮ್ ಬಳಿಯ ಬೈಸರನ್‌ನಲ್ಲಿ ಏಪ್ರಿಲ್ 22ರಂದು 26 ಜನರನ್ನು ಕೊಂದ ಮೇಲೆ ಇಡೀ ದೇಶವೇ ಬಿಗಿಯಾಗಿತ್ತು. ಶಿವಮೊಗ್ಗ, ಬೆಂಗಳೂರಿನ ಮನೆಗಳಿಗೂ ಆ ಸಾವು ಬಂದಿತ್ತು. ರಜೆಗೆಂದು ಹೋದವರ ದೇಹಗಳು ಏಪ್ರಿಲ್ 24ರ ಬೆಳಗಿನ ಜಾವ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಮೇ 3ರಂದು ಚೆನ್ನೈನಿಂದ ಹೋದ ವಿಮಾನವೊಂದರಲ್ಲಿ ಶಂಕಿತನಿದ್ದಾನೆ ಎಂಬ ಸುಳಿವಿನ ಮೇಲೆ ಕೊಲಂಬೊದಲ್ಲಿ ಅದನ್ನು ಪೂರ್ತಿ ಶೋಧಿಸಿದರು. ಏನೂ ಸಿಗಲಿಲ್ಲ. ಮೇ 7ರಂದು ಕಲ್ಪಾಕ್ಕಂ ಅಣುಸ್ಥಾವರದಲ್ಲಿ, ಚೆನ್ನೈ ಬಂದರಿನಲ್ಲಿ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆಯಿತು.

ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ, ಅಂದರೆ ಬಿಸಿಎಎಸ್, ಹೊಸ ಆದೇಶ ಹೊರಡಿಸಿದ್ದು ಆ ವಾರವೇ. ಎಲ್ಲ ಪ್ರಯಾಣಿಕರಿಗೂ ವಿಮಾನದ ಮೆಟ್ಟಿಲ ಬಳಿ ಎರಡನೇ ತಪಾಸಣೆ. ಕಳಿಸಿಕೊಡಲು ಬಂದವರಿಗೆ ಟರ್ಮಿನಲ್ ಒಳಗೆ ಪ್ರವೇಶವಿಲ್ಲ. ವಿಮಾನಗಳಲ್ಲಿ ಏರ್ ಮಾರ್ಷಲ್‌ಗಳು. ಮೂರು ಗಂಟೆ ಮೊದಲೇ ಬನ್ನಿ, 75 ನಿಮಿಷ ಇರುವಾಗ ಚೆಕ್-ಇನ್ ಮುಚ್ಚುತ್ತೇವೆ ಎಂದು ವಿಮಾನ ಕಂಪನಿಗಳ ಸಂದೇಶ ಬಂತು.

ಟರ್ಮಿನಲ್ ಹೊರಗೆ ಅಜ್ಜ-ಅಜ್ಜಿಯರು ಮೊಮ್ಮಕ್ಕಳನ್ನು ಫುಟ್‌ಪಾತಿನಲ್ಲೇ ಬೀಳ್ಕೊಡುತ್ತಿದ್ದರು. ಗೇಟಿನಲ್ಲಿ ಆಧಾರ್ ಕಾರ್ಡಿನ ಫೋಟೊವನ್ನೂ ಮುಖವನ್ನೂ ಎರಡೆರಡು ಸಲ ನೋಡಿ ಬಿಟ್ಟರು.

ನನ್ನ ಬ್ಯಾಗ್ ನಿಂತಿತು

ಎಣ್ಣೂರಿನ ಬಂದರಿಗೆ ಬರುವ ಕಂಟೇನರ್ ಲಾರಿಗಳ ಗೇಟಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಊರಿನಲ್ಲಿ ಎರಡು ದಿನ ಕೆಲಸ ಮಾಡೋಣವೆಂದು ಗೇಟಿನಲ್ಲಿ ಕೂರಿಸುವ ಸಣ್ಣ ಕಂಪ್ಯೂಟರ್ ಬೋರ್ಡೊಂದನ್ನು ಬ್ಯಾಗಿಗೆ ಹಾಕಿಕೊಂಡಿದ್ದೆ. ಅದಕ್ಕೆ ಜೋಡಿಸಿದ ನಾಲ್ಕು ವೈರು, ಒಂದು ಬ್ಯಾಟರಿ ಪ್ಯಾಕ್, ಸುತ್ತ ಕಪ್ಪು ಟೇಪು. ಎಂಟೆಕ್ ಓದಿದವನಿಗೆ ಇದು ಎಕ್ಸ್-ರೇ ಪರದೆಯ ಮೇಲೆ ಹೇಗೆ ಕಾಣಬಹುದು ಎಂಬ ಬುದ್ಧಿ ಇರಬೇಕಿತ್ತು. ಇರಲಿಲ್ಲ.

ಬೆಲ್ಟ್ ನಿಂತಿತು. ನನ್ನ ಬ್ಯಾಗ್ ಮಾತ್ರ ಪಕ್ಕದ ಸಾಲಿಗೆ ಸರಿಯಿತು. ಸಿಐಎಸ್ಎಫ್ ಸಿಬ್ಬಂದಿಯೊಬ್ಬರು ಕರೆದರು. ಹಿಂದೆ ನಿಂತ ಸಾಲು ಎರಡು ಹೆಜ್ಜೆ ಹಿಂದೆ ಹೋಯಿತು. ಒಬ್ಬ ತಾಯಿ ತನ್ನ ಮಗುವನ್ನು ಎಳೆದುಕೊಂಡಳು. ನನ್ನ ಕಿವಿ ಬಿಸಿಯಾಯಿತು. ನಾನು ಯಾರು, ಎಲ್ಲಿ ಕೆಲಸ ಮಾಡುತ್ತೇನೆ ಎಂದು ಯಾರೂ ಕೇಳುವ ಮೊದಲೇ ತೊದಲುತ್ತ ಹೇಳತೊಡಗಿದೆ. ಅವರು ಕೈ ತೋರಿಸಿ ಸುಮ್ಮನಿರಲು ಹೇಳಿ, ಪರದೆಯನ್ನು ನನ್ನ ಕಡೆ ಸ್ವಲ್ಪ ತಿರುಗಿಸಿದರು. ‘ಬ್ಯಾಟರಿ, ಅದಕ್ಕೆ ಅಂಟಿದ ವೈರು ಕಾಣುತ್ತಿದೆ. ಅದಕ್ಕೆ ನಿಲ್ಲಿಸಿದ್ದು. ತೆಗೆದು ತೋರಿಸಿ’ ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು.

ತೆಗೆದು ತೋರಿಸಿದೆ. ಬೋರ್ಡಿನ ಮೇಲೆ, ಬ್ಯಾಗಿನ ಒಳಗೆ, ನನ್ನ ಅಂಗೈಗೆ ಸಣ್ಣ ಪಟ್ಟಿ ಒರೆಸಿ ಯಂತ್ರದೊಳಗೆ ಇಟ್ಟರು. ಸ್ಫೋಟಕದ ಕಣವೇನಾದರೂ ಇದೆಯೇ ಎಂದು ಹೇಳುವ ಯಂತ್ರ ಅದು. ಆಫೀಸಿನ ಪತ್ರ ನೋಡಿದರು. ಬ್ಯಾಟರಿಯನ್ನು ಬೋರ್ಡಿನಿಂದ ಬಿಡಿಸಿ ಬೇರೆ ಕವರಿಗೆ ಹಾಕಿಸಿದರು. ಹನ್ನೆರಡು ನಿಮಿಷದಲ್ಲಿ ಎಲ್ಲ ಮುಗಿಯಿತು. ‘ಮುಂದಿನ ಸಲ ಮೊದಲೇ ಹೊರಗೆ ತೆಗೆದು ಟ್ರೇಯಲ್ಲಿ ಇಡಿ’ ಎಂದು ಕಳಿಸಿದರು.

ಕುರ್ಚಿಯಲ್ಲಿ ಕೂತ ಮೇಲೆ ನನ್ನದೇ ಗೇಟು ನೆನಪಾಯಿತು. ಅಲ್ಲಿ ಲಾರಿಯ ನಂಬರು, ಕಂಟೇನರಿನ ನಂಬರು, ಸೀಲು, ತೂಕ ಇವೆಲ್ಲ ದಾಖಲೆಗೆ ಹೊಂದಬೇಕು. ಒಂದು ಹೊಂದದಿದ್ದರೂ ನಾನು ಬರೆದ ಪ್ರೋಗ್ರಾಂ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸುತ್ತದೆ. ಚಾಲಕನ ಮುಂದಿನ ಪರದೆಯಲ್ಲಿ ‘ಕಾಯಿರಿ’ ಎಂಬ ಒಂದೇ ಶಬ್ದ. ‘ನನ್ನ ಲಾರಿ ಮಾತ್ರ ಯಾಕೆ ಸಾರ್?’ ಎಂದು ಕೇಳಿದ ಎಷ್ಟೋ ಚಾಲಕರಿಗೆ ‘ಅದು ಪ್ರೊಸೆಸ್’ ಎಂದು ಹೇಳಿ ಟೀ ಕುಡಿಯಲು ಹೋಗಿದ್ದೇನೆ. ಕಾರಣ ಹೇಳದೆ ನಿಲ್ಲಿಸಿದರೆ ಮನುಷ್ಯನಿಗೆ ಹೇಗಾಗುತ್ತದೆ ಎಂದು ಆವರೆಗೆ ಯೋಚಿಸಿರಲಿಲ್ಲ.

ಪ್ರತಿ ನಿಯಮದ ಹಿಂದೆ ಒಂದು ದಿನಾಂಕ

ವಿಮಾನ ನಿಲ್ದಾಣದಲ್ಲಿ ನಮಗೆ ಕಿರಿಕಿರಿ ಎನಿಸುವ ಒಂದೊಂದು ನಿಯಮದ ಹಿಂದೆಯೂ ಒಂದೊಂದು ದುರಂತವಿದೆ. ಅದರಲ್ಲೊಂದು ನಡೆದದ್ದು ನಾನು ಕೂತಿದ್ದ ಜಾಗದ ಹತ್ತಿರದಲ್ಲೇ. 1984ರ ಆಗಸ್ಟ್ 2ರ ರಾತ್ರಿ ಇದೇ ಮೀನಂಬಾಕ್ಕಂನಲ್ಲಿ, ಕೊಲಂಬೊ ವಿಮಾನಕ್ಕೆಂದು ಒಬ್ಬ ಬ್ಯಾಗ್ ಕೊಟ್ಟು ತಾನು ವಿಮಾನ ಹತ್ತಲಿಲ್ಲ. ಟರ್ಮಿನಲ್‌ನಲ್ಲೇ ಉಳಿದ ಆ ಬ್ಯಾಗ್ ಸ್ಫೋಟಿಸಿ 30ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ, 1985ರ ಜೂನ್ 23ರಂದು, ಏರ್ ಇಂಡಿಯಾದ ಕನಿಷ್ಕ ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಸಿಡಿದು 329 ಜನ ಹೋದರು. ಅಲ್ಲೂ ಅದೇ ಕಥೆ. ಬ್ಯಾಗ್ ಹತ್ತಿತ್ತು, ಬ್ಯಾಗಿನವನು ಹತ್ತಿರಲಿಲ್ಲ.

‘ಪ್ರಯಾಣಿಕರೊಬ್ಬರು ಬಂದಿಲ್ಲ, ಅವರ ಲಗೇಜ್ ಇಳಿಸುತ್ತಿದ್ದೇವೆ’ ಎಂದು ಹೇಳಿ ವಿಮಾನವನ್ನು ತಡಮಾಡಿದಾಗ ನಾವು ಗೊಣಗುತ್ತೇವಲ್ಲ, ಆ ನಿಯಮ ಬಿಗಿಯಾದದ್ದು ಹೀಗೆ. 1978ರಲ್ಲಿ ಒಂದು ಸಣ್ಣ ಘಟಕವಾಗಿ ಶುರುವಾಗಿದ್ದ ಬಿಸಿಎಎಸ್ 1987ರ ಏಪ್ರಿಲ್ 1ರಂದು ಸ್ವತಂತ್ರ ಇಲಾಖೆಯಾದದ್ದೂ ಕನಿಷ್ಕದ ನಂತರವೇ. 1999ರ ಡಿಸೆಂಬರ್ 24ರಂದು ಐಸಿ 814 ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದ ಮೇಲೆ ವಿಮಾನ ನಿಲ್ದಾಣಗಳ ಭದ್ರತೆ ಸಿಐಎಸ್ಎಫ್ ಕೈಗೆ ಬಂತು. 2000ದ ಫೆಬ್ರುವರಿಯಲ್ಲಿ ಜೈಪುರದಿಂದ ಅದು ಆರಂಭವಾಯಿತು.

ಇದೆಲ್ಲ ಗೊತ್ತಿದ್ದರೆ ಸಾಲಿನಲ್ಲಿ ನಿಲ್ಲುವುದು ಕಷ್ಟವಾಗುವುದಿಲ್ಲ. ಬ್ಯಾಗಿನ ಮೇಲೆ ಬರುವ ಸಂಶಯವನ್ನು ಬಿಡಿಸಲು ಯಂತ್ರವಿದೆ, ಕ್ರಮವಿದೆ. ಜನರ ಕಣ್ಣಿನಲ್ಲಿ ಬರುವ ಸಂಶಯಕ್ಕೆ ಅಂಥದ್ದೇನೂ ಇಲ್ಲ. ಕರಾವಳಿಯವರಿಗೆ ಇದರ ಒಂದು ಉದಾಹರಣೆ ನೆನಪಿರಬಹುದು. 2022ರ ಆಗಸ್ಟ್ 14ರಂದು ಮಂಗಳೂರಿನಿಂದ ಮುಂಬೈಗೆ ಹೊರಟ ವಿಮಾನದಲ್ಲಿ ಒಬ್ಬ ಯುವಕನ ಮೊಬೈಲಿಗೆ ಬಂದ ಸಂದೇಶವನ್ನು ಸಹಪ್ರಯಾಣಿಕರೊಬ್ಬರು ನೋಡಿ ಸಿಬ್ಬಂದಿಗೆ ಹೇಳಿದರು. ವಿಮಾನ ವಾಪಸ್ ಬಂತು, 185 ಪ್ರಯಾಣಿಕರೂ ಕೆಳಗಿಳಿದರು, ಎಲ್ಲವನ್ನೂ ಮತ್ತೆ ಶೋಧಿಸಿದರು. ಹೊರಟದ್ದು ಸುಮಾರು ಆರು ಗಂಟೆ ತಡವಾಗಿ. ಕೊನೆಗೆ ತಿಳಿದದ್ದು, ಅವನು ಬೆಂಗಳೂರಿನ ವಿಮಾನ ಹಿಡಿಯಬೇಕಿದ್ದ ಗೆಳತಿಯೊಂದಿಗೆ ತಮಾಷೆ ಮಾಡುತ್ತಿದ್ದ.

ಮೆಟ್ಟಿಲ ಬಳಿ

ಬಸ್ಸಿನಿಂದ ಇಳಿದು ವಿಮಾನದ ಮೆಟ್ಟಿಲ ಹತ್ತಿರ ಮತ್ತೆ ಸಾಲು. ಮೇ ತಿಂಗಳ ಚೆನ್ನೈ ಬಿಸಿಲು, ಕಾಲಡಿ ಕಾದ ಕಾಂಕ್ರೀಟು. ಒಬ್ಬೊಬ್ಬರ ಬ್ಯಾಗನ್ನೂ ಬಿಚ್ಚಿ ನೋಡುತ್ತಿದ್ದರು. ನನ್ನ ಮುಂದೆ ಬಿಳಿ ಟೋಪಿ ಹಾಕಿದ, ಗಡ್ಡ ನೆರೆತ ಹಿರಿಯರೊಬ್ಬರು. ಅವರ ಚೀಲ ಬಿಚ್ಚಿದಾಗ ಹಿಂದೆ ಯಾರೋ ಪಿಸುಗುಟ್ಟಿದರು. ಹಲವರು ಕತ್ತು ಚಾಚಿ ನೋಡಿದರು. ನಾನೂ ನೋಡಿದೆ. ಒಂದು ಗಂಟೆಯ ಹಿಂದೆ ಅದೇ ನೋಟಕ್ಕೆ ಕಿವಿ ಬಿಸಿ ಮಾಡಿಕೊಂಡವನು ನಾನು. ಚೀಲದಲ್ಲಿದ್ದದ್ದು ಎರಡು ಅಂಗಿ, ಕಣ್ಣಿಗೆ ಹಾಕುವ ಔಷಧದ ಬಾಟಲಿ, ಆಸ್ಪತ್ರೆಯ ಫೈಲು. ತಪಾಸಣೆಯವರು ಎಲ್ಲರಿಗೂ ಮಾಡಿದ್ದನ್ನೇ ಮಾಡಿ, ಎಲ್ಲರಿಗೂ ಹೇಳಿದಂತೆಯೇ ‘ಹೋಗಿ’ ಎಂದರು. ನನಗೆ ತೆಗೆದುಕೊಂಡಷ್ಟೇ ಸಮಯ ತೆಗೆದುಕೊಂಡರು.

ವಿಮಾನದಲ್ಲಿ ಅವರ ಸೀಟು ನನ್ನ ಪಕ್ಕದ್ದೇ. ಕೂತ ಸ್ವಲ್ಪ ಹೊತ್ತಿಗೆ ಅವರೇ ಕೇಳಿದರು. ‘ನೀವು ಪುತ್ತೂರಿನವರಾ? ಫೋನಲ್ಲಿ ಮಾತಾಡಿದ್ದು ಕೇಳಿದೆ. ನಿಮ್ಮ ಬ್ಯಾಗಲ್ಲಿ ಎಂತ ಇದ್ದದ್ದು ಮಾರಾಯ್ರೆ? ಅಷ್ಟು ಹೊತ್ತು ನಿಲ್ಲಿಸಿದರು. ನಾನು ನಿಮ್ಮ ಹಿಂದೆಯೇ ಇದ್ದೆ. ಹೆದರಿಕೆ ಆಯ್ತು ನನಗೆ.’

ನನಗೆ ನಗು ಬಂತು. ಅವರೂ ನಕ್ಕರು. ಉಪ್ಪಿನಂಗಡಿ ಕಡೆಯವರು. ಚೆನ್ನೈನಲ್ಲಿ ಕಣ್ಣು ತೋರಿಸಿಕೊಂಡು ಹೋಗುತ್ತಿದ್ದರು. ಅಪ್ಪನ ಆಪರೇಶನ್ ವಿಷಯ ಹೇಳಿದೆ. ಒಂದು ತಿಂಗಳು ನೀರು ತಾಗಿಸಬಾರದು, ಬಗ್ಗಿ ಭಾರ ಎತ್ತಬಾರದು, ಹನಿ ಹಾಕುವ ಮೊದಲು ಕೈ ತೊಳೆಯಬೇಕು ಎಂದು ಡಾಕ್ಟರರಿಗಿಂತ ಹೆಚ್ಚು ವಿವರವಾಗಿ ಹೇಳಿದರು. ಬೆಟ್ಟದ ಮೇಲಿನ ರನ್‌ವೇಯಲ್ಲಿ ವಿಮಾನ ಇಳಿಯುವಾಗ ಇಬ್ಬರೂ ಮಾತು ನಿಲ್ಲಿಸಿದೆವು. 2010ರ ಮೇ 22ರಂದು ಅಲ್ಲಿ 158 ಜನ ತೀರಿಕೊಂಡದ್ದನ್ನು ಜಿಲ್ಲೆಯ ಯಾರೂ ಮರೆತಿಲ್ಲ. ಆಮೇಲೆ ಪುತ್ತೂರಿನವರೆಗೆ ಒಂದೇ ಕಾರು ಮಾಡಿಕೊಂಡೆವು.

ಹೊರಡುವವರಿಗೆ ನಾಲ್ಕು ಮಾತು

ರಜೆಗೆ ಊರಿಗೆ ಹೊರಟವರಿಗೆ ನನ್ನ ಅನುಭವದಿಂದ ಒಂದಿಷ್ಟು. ವೆಬ್ ಚೆಕ್-ಇನ್ ಮಾಡಿದ್ದರೂ ಮೂರು ಗಂಟೆ ಇಟ್ಟುಕೊಳ್ಳಿ. ಟಿಕೆಟಿನ ಹೆಸರು ಗುರುತಿನ ಚೀಟಿಗೆ ಹೊಂದಲಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ವೈರು, ಬೋರ್ಡು, ಬ್ಯಾಟರಿ ಇದ್ದರೆ ನನ್ನ ಹಾಗೆ ಅಡಗಿಸಿಡದೆ ಟ್ರೇಯಲ್ಲಿ ಇಡಿ. ಬೇರೆಯವರ ಪೊಟ್ಟಣ ತೆಗೆದುಕೊಳ್ಳಬೇಡಿ, ಪರಿಚಯದವರಾದರೂ ಒಳಗೇನಿದೆ ನೋಡಿ. ಬಾಂಬಿನ ತಮಾಷೆ ಬೇಡವೇ ಬೇಡ. 2024ರ ಅಕ್ಟೋಬರಿನಲ್ಲಿ ನೂರಾರು ಹುಸಿ ಬೆದರಿಕೆಗಳಿಂದ ಎಷ್ಟು ವಿಮಾನಗಳು ಪರದಾಡಿದವು ಎಂದು ಗೊತ್ತಿದೆಯಲ್ಲ.

ಇನ್ನೊಂದು ವಿಷಯ ಅಮ್ಮಂದಿರಿಗೆ. ಒಣಕೊಬ್ಬರಿಯನ್ನು ಲಗೇಜಿನಲ್ಲಿ ಒಯ್ಯುವ ಹಾಗಿಲ್ಲ. ಅದರಲ್ಲಿ ಎಣ್ಣೆ ಹೆಚ್ಚು, ಬೇಗ ಬೆಂಕಿ ಹಿಡಿಯುತ್ತದೆ. ವಾಪಸ್ ಹೊರಡುವಾಗ ನಮ್ಮಮ್ಮ ಕಟ್ಟಿದ ಗಂಟಿನಿಂದ ಕೊಬ್ಬರಿ ತೆಗೆದಿಟ್ಟು ಹಲಸಿನ ಹಪ್ಪಳ ಮಾತ್ರ ತಂದೆ. ಶಬರಿಮಲೆಗೆ ಹೋಗುವವರ ಇರುಮುಡಿಯ ತೆಂಗಿನಕಾಯಿಗೆ ಕಳೆದ ಸೀಸನ್‌ನಲ್ಲಿ ವಿನಾಯಿತಿ ಕೊಟ್ಟಿದ್ದರು. ಎಂಜಿನಿಯರ್ ಮಗನ ಹಿಟ್ಟು-ಪುಡಿಗೆ ಯಾರೂ ವಿನಾಯಿತಿ ಕೊಟ್ಟಿಲ್ಲ ಎಂದು ಅಮ್ಮನಿಗೆ ಹೇಳಿದೆ.

ಹೇಳದೆ ಬಂದವನನ್ನು ನೋಡಿ ಅಮ್ಮ ಮೊದಲು ಬೈದರು. ಕಪ್ಪು ಕನ್ನಡಕ ಹಾಕಿ ಜಗಲಿಯಲ್ಲಿ ಕೂತಿದ್ದ ಅಪ್ಪ ಕೇಳಿದ್ದು ಒಂದೇ ಮಾತು. ‘ಆ ದಿನದ ಟಿಕೆಟ್ ಕ್ಯಾನ್ಸಲ್ ಮಾಡಿದ್ದಕ್ಕೆ ಎಷ್ಟು ಹೋಯಿತು?’ ಮೊತ್ತ ಹೇಳಿದೆ. ‘ಛೆ’ ಎಂದರು. ಹೋದದ್ದು ಬರೀ ದುಡ್ಡಲ್ಲ ಎಂದು ನನಗೂ ಗೊತ್ತಿತ್ತು, ಬಹುಶಃ ಅವರಿಗೂ.

ಎಣ್ಣೂರಿಗೆ ಬಂದ ಮೇಲೆ ಒಂದು ಸಣ್ಣ ಕೆಲಸ ಮಾಡಿದೆ. ನಮ್ಮ ಗೇಟಿನ ಪರದೆಯಲ್ಲಿ ಈಗ ಬರೀ ‘ಕಾಯಿರಿ’ ಎಂದು ಬರುವುದಿಲ್ಲ. ಸೀಲ್ ನಂಬರ್ ಹೊಂದುತ್ತಿಲ್ಲ, ತೂಕ ಹೆಚ್ಚು ತೋರಿಸುತ್ತಿದೆ ಎಂದು ತಮಿಳಿನಲ್ಲಿ, ಹಿಂದಿಯಲ್ಲಿ ಕಾರಣವೂ ಬರುತ್ತದೆ. ಲಾರಿಗಳು ನಿಲ್ಲುವುದು ಕಡಿಮೆಯಾಗಿಲ್ಲ, ಆಗಲೂಬಾರದು. ಚಾಲಕರು ನನ್ನ ಹತ್ತಿರ ಬಂದು ಕೇಳುವುದು ಮಾತ್ರ ಕಡಿಮೆಯಾಗಿದೆ.

ಜುಲೈಯಲ್ಲಿ ಆಟಿ ಅಮಾವಾಸ್ಯೆಗೆ ಟಿಕೆಟ್ ಮಾಡಿದ್ದೇನೆ. ಈ ಸಲ ಅಮ್ಮನಿಗೂ ಹೇಳಿದ್ದೇನೆ.