ಘನತೆಗೆ ಒಪ್ಪದ ನಡೆ

ಇಂಗ್ಲಿಷಿನ ‘ಅನ್‌ಡಿಗ್ನಿಫೈಡ್’ ಎಂಬ ವಿಶೇಷಣಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಬಾದನಹಟ್ಟಿಯ ವಿದ್ಯಾರ್ಥಿಯೊಬ್ಬರು ನನ್ನನ್ನು ಕೇಳಿದ್ದಾರೆ. ‘ಮಾನಗೆಟ್ಟ’ ಎಂದು ಅವರು ಬರೆದುದನ್ನು ಅಧ್ಯಾಪಕರು ಒಪ್ಪಲಿಲ್ಲವಂತೆ. ಒಪ್ಪದಿದ್ದುದು ಸರಿಯೇ. ಈ ಪ್ರಶ್ನೆ ಬಳ್ಳಾರಿ ಸೀಮೆಯಿಂದ ಬಂದುದು ನನಗೊಂದು ಸಂತೋಷ. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಪಾದ್ರಿ ವಿಲಿಯಂ ರೀವರ ಇಂಗ್ಲಿಷ್-ಕನ್ನಡ ನಿಘಂಟು 1824ರಷ್ಟು ಹಿಂದೆಯೇ ಮದರಾಸಿನಲ್ಲಿ ಅಚ್ಚಾಯಿತು. ಪರಭಾಷೆಯ ಪದವನ್ನು ಕನ್ನಡದ ತಕ್ಕಡಿಯಲ್ಲಿ ತೂಗುವ ಕೆಲಸ ಆ ನೆಲಕ್ಕೆ ಹೊಸದಲ್ಲ.

ಈ ಪದದ ಬೇರು ಲ್ಯಾಟಿನ್ನಿನ ‘ಡಿಗ್ನಸ್’. ಯೋಗ್ಯ, ತಕ್ಕ ಎಂದರ್ಥ. ಊರಿನ ಹಿರಿಯರೊಬ್ಬರು ಧೋತರ ಎತ್ತಿ ಕಟ್ಟಿ, ರುಮಾಲು ಕೈಯಲ್ಲಿ ಹಿಡಿದು, ಹೊರಟುಬಿಟ್ಟ ಬಳ್ಳಾರಿಯ ಬಸ್ಸಿನ ಹಿಂದೆ ಓಡುತ್ತಾರೆನ್ನಿ. ಇಂಗ್ಲಿಷಿನವನು ಇದನ್ನು ‘ಅನ್‌ಡಿಗ್ನಿಫೈಡ್’ ಎಂದಾನು. ಇಲ್ಲಿ ಮಾನ ಹೋಗಿಲ್ಲ, ಶೀಲ ಕೆಟ್ಟಿಲ್ಲ. ಹೋದದ್ದು ಗಾಂಭೀರ್ಯವೊಂದೇ, ಅದೂ ಬಸ್ಸು ಸಿಕ್ಕುವವರೆಗೆ! ‘ಲಜ್ಜೆಗೆಟ್ಟ’ ಎಂದರೆ ಅನ್ಯಾಯ. ‘ಅಗೌರವದ’ ಎಂದರೆ ಅವರು ಮತ್ತಾರನ್ನೋ ಅವಮಾನಿಸಿದಂತಾಯಿತು. ‘ಹಿರಿತನಕ್ಕೆ ಒಪ್ಪದ’ ಎಂಬುದೇ ಸಾಕು. ಒಂದು ಪದಕ್ಕೆ ಒಂದೇ ಪದ ಸಿಗಬೇಕೆಂಬ ಹಟ ಭಾಷಾಂತರಕಾರನಿಗೆ ಸಲ್ಲದು.

ಆದರೆ ಅದೇ ಬಸ್ಸಿನ ಹಿಂದೆ ಹತ್ತಿ ಬಿಡಿಸುವ ಕೂಲಿಯ ಹೆಂಗಸೊಬ್ಬಳು ಓಡಿದರೆ ಈ ವಿಶೇಷಣವನ್ನು ಯಾರೂ ಬಳಸರು. ಕಳೆದುಕೊಳ್ಳಲು ಆಕೆಗೆ ಘನತೆಯೇ ಇಲ್ಲವೆಂದು ನೋಡುವವರು ಮೊದಲೇ ತೀರ್ಮಾನಿಸಿರುತ್ತಾರೆ. ಪದದ ಹಳೆಯ ದೋಷವಿದು: ಅದು ಅಂತಸ್ತನ್ನು ನೋಡಿ ಮಾತಾಡುತ್ತದೆ. ವಕೀಲರಾಗಿದ್ದ ಬಳ್ಳಾರಿ ರಾಘವರು ಮುಖಕ್ಕೆ ಬಣ್ಣ ಹಚ್ಚಿ ರಂಗವೇರಿದ ಕಾಲದಲ್ಲಿ, ನಾಟಕವಾಡುವುದು ದೊಡ್ಡ ಮನೆತನದವರಿಗೆ ತಕ್ಕುದಲ್ಲವೆನ್ನುವವರು ಕಡಿಮೆಯಿರಲಿಲ್ಲ. ರಾಘವರಾದರೋ ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ಹೇಳಿದರು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ ಪೀಠಿಕೆ ಘನತೆಯನ್ನು ಪ್ರತಿಯೊಬ್ಬ ವ್ಯಕ್ತಿಗೂ ಸೇರಿದ್ದೆಂದು ಎಣಿಸಿತು. ಅಲ್ಲಿಂದ ಈ ವಿಶೇಷಣದ ಭಾರವನ್ನು ಹೊರಬೇಕಾದುದು ಮನುಷ್ಯನಲ್ಲ, ಅವನನ್ನು ಇರಿಸಿದ ಸ್ಥಿತಿ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯಿದೆಯೂ ವ್ಯಕ್ತಿಯ ಘನತೆಯನ್ನೇ ಮುಂದಿಟ್ಟಿದೆ. ಆ ಕೆಲಸವನ್ನು ‘ಮಾನಗೆಟ್ಟ ಕೆಲಸ’ವೆಂದು ಬರೆದರೆ ಕಳಂಕ ಮಾಡುವವನ ತಲೆಗೆ ಬೀಳುತ್ತದೆ, ‘ಘನತೆಗೆ ಕುಂದು ತರುವ ಕೆಲಸ’ವೆಂದರೆ, ಮಾಡಿಸುವವರು ಯಾರೆಂಬ ಪ್ರಶ್ನೆ ಏಳುತ್ತದೆ.